ಇರಲಿ ಎಂದು ಎರಡು ಬೆರಳು

ಹೆಣ್ಣು ನೋಡಲು ಹೋದವರು ಹೆಣ್ಣನ್ನು ನೋಡಬೇಕು. ಇಷ್ಟು ತಿಳಿವಳಿಕೆ ನನಗೂ ಇದೆ. ಆದರೆ ಮೊನ್ನೆ ಚಿತ್ತಾಪುರದಲ್ಲಿ ನಾನು ಟೀಪಾಯಿಯನ್ನು ನೋಡಿದೆ. ನೋಡಿ ಸುಮ್ಮನಿದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅಳೆದೆ.

ಅಕ್ಕನ ಮಗನಿಗೆ ಸಂಬಂಧ ನೋಡುವ ಕಾರ್ಯಕ್ರಮ. ಸೋದರಮಾವನೆಂಬ ಗೌರವಕ್ಕೆ ನನ್ನನ್ನು ಮುಂದಿನ ಸೋಫಾದಲ್ಲಿ ಕೂರಿಸಿದ್ದರು. ಚುರುಮುರಿಯ ಸೂಸಲ ತಿಂದದ್ದಾಯಿತು, ಮಿರ್ಚಿ ಭಜಿ ಮುಗಿಯಿತು, ಹುಡುಗಿ ಇನ್ನೂ ಒಳಗಿದ್ದಳು. ನನ್ನ ಬಲಗೈ ಖಾಲಿಯಾಯಿತು. ಖಾಲಿಯಾದ ಕೈ ನನ್ನನ್ನು ಒಂದು ಮಾತೂ ಕೇಳದೆ ಟೀಪಾಯಿಯ ಅಂಚಿಗೆ ಹೋಗಿ, ಹೆಬ್ಬೆರಳು ಊರಿ ಕಿರುಬೆರಳು ಚಾಚಿ, ಒಂದು ಗೇಣು, ಎರಡು ಗೇಣು ಎಂದು ಕಂಬಳಿಹುಳದ ಹಾಗೆ ನಡೆಯತೊಡಗಿತು.

ಹುಡುಗಿಯ ತಂದೆ ಹೈಸ್ಕೂಲಿನ ಗುರುಗಳು. ಚಿತ್ತಾಪುರದ ಹತ್ತಿರವೇ ಹೊಲವೂ ಇದೆ. ಅವರು ಕೆಮ್ಮಿದರು.

"ಟೀಪಾಯಿಗೆ ಏನರೆ ಆಗ್ಯಾದೇನ್ರಿ?"

"ಏನಿಲ್ರಿ. ಮೂರು ಗೇಣಿಗೆ ನಾಲ್ಕು ಬೆರಳು ಕಮ್ಮಿ ಅದ" ಎಂದುಬಿಟ್ಟೆ.

ಗುರುಗಳ ಮುಖ ಗಂಭೀರವಾಯಿತು. "ನೋಡ್ರಿ, ಕೊಡೋದು ತಗೊಳ್ಳೋದು ಏನೂ ಇಲ್ಲ ಅಂತ ಮೊದಲೇ ಮಾತಾಗ್ಯಾದ. ಟೀಪಾಯಿ ಬೇಕಿತ್ತಂದ್ರ ಆವಾಗೇ ಹೇಳಬೇಕಿತ್ತು."

ಅಕ್ಕ ಪಕ್ಕದಿಂದ ನನ್ನ ತೊಡೆ ಚಿವುಟಿದಳು. ಅವಳ ಚಿವುಟುವಿಕೆಗೆ ಐವತ್ತು ವರ್ಷದ ಅಭ್ಯಾಸವಿದೆ. ಕೈ ಹಿಂದೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಮಾತು ತಿರುಗಿಸಲೆಂದು ಗುರುಗಳು ಕೇಳಿದರು: "ಅದಿರಲಿ, ನಿಮ್ದು ಸೇಡಂನಾಗ ಕೂರಿಗಿ ಕುಂಟಿ ಅಂಗಡಿ ಅಲ್ರಿ? ಯಾವ ಕಂಪನಿ ಏಜೆನ್ಸಿ?"

ಸೇಡಂನಲ್ಲಿ ಗಾಡಿ ಹತ್ತಿದಾಗಿನಿಂದ ನಾನು ಹೆದರುತ್ತ ಬಂದಿದ್ದ ಪ್ರಶ್ನೆ ಅದೇ. ಅದಕ್ಕೆ ನಾನೇನು ಹೇಳಿದೆ ಎಂಬುದು ಆಮೇಲಾಗಲಿ. ಮೊದಲು ನನ್ನ ಕೈಯ ಪರವಾಗಿ ಎರಡು ಮಾತು ಹೇಳಬೇಕು. ಇದು ನನ್ನೊಬ್ಬನ ಚಟವಲ್ಲ. ಅಪ್ಪ ಆಸ್ಪತ್ರೆಯ ಮಂಚವನ್ನು ಅಳೆದಿದ್ದ. ಅಜ್ಜ ತನ್ನ ಮದುವೆಯ ಹಸೆಮಣೆಯನ್ನೇ ಅಳೆದನೆಂದು ಅಜ್ಜಿ ಕೊನೆಯವರೆಗೂ ಆಡಿಕೊಳ್ಳುತ್ತಿದ್ದಳು. ಇಡೀ ವಂಶದ ಕೈಗೆ ಹತ್ತಿದ ಈ ರೋಗದ ಮೂಲ ಒಂದು ಕಲ್ಲು.

ನಮ್ಮ ಅಂಗಡಿಗಿಂತ ಮೊದಲು ಅಂಗಡಿಯ ಮುಂದಿನ ಕಲ್ಲು ಬಂತು. ಅಜ್ಜ ಶಹಾಬಾದಿನ ಒಂದು ಫರಸಿಕಲ್ಲಿನ ಗಣಿಯಲ್ಲಿ ಗುಮಾಸ್ತನಾಗಿದ್ದ. ಕೆಲಸ ಬಿಟ್ಟು ಬರುವಾಗ ಧಣಿಯ ಹತ್ತಿರ ಒಂದು ಕಲ್ಲು ಕೇಳಿ ಇಸಿದುಕೊಂಡ. ಒಂದು ಗೇಣು ದಪ್ಪ, ಇಬ್ಬರು ಮಲಗುವಷ್ಟು ಉದ್ದ. ಹಾಸಲಿಕ್ಕೆ ದಪ್ಪವಾಯಿತು, ಕಂಬಕ್ಕೆ ತೆಳುವಾಯಿತು ಎಂದು ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿದ್ದ ಕಲ್ಲು. ಅದನ್ನು ಚಕ್ಕಡಿಯಲ್ಲಿ ಸೇಡಂಗೆ ತಂದು ರಸ್ತೆಯ ಬದಿಗೆ ಇಳಿಸಿದ. "ಇದೇನು ಮಾಡ್ತಿ?" ಎಂದು ಕೇಳಿದವರಿಗೆ "ಅಂಗಡಿ ಹಾಕ್ತೀನಿ" ಎಂದ. "ಎಲ್ಲದ ಅಂಗಡಿ?" ಎಂದರೆ ಕಲ್ಲು ತೋರಿಸಿದ. ಅದರ ಮೇಲೆ ನೇಗಿಲ ಗುಳ, ಕುಡುಗೋಲು, ಸಲಿಕೆ ಹರವಿಕೊಂಡು ಕುಳಿತ. ಗೋಡೆ, ಚಾವಣಿ, ಬಾಗಿಲು ಎಲ್ಲವೂ ಆಮೇಲೆ ಒಂದೊಂದಾಗಿ ಕಲ್ಲಿನ ಹಿಂದೆ ಬಂದು ಸೇರಿಕೊಂಡವು.

ಅಜ್ಜ ಮಾರಿದ ಮೊದಲ ಕಬ್ಬಿಣದ ಕೂರಿಗೆ ಚಿಂಚೋಳಿ ಕಡೆಯ ಐನಾಪುರಕ್ಕೆ ಹೋಯಿತು. ಮೂರು ದಿನಕ್ಕೆ ವಾಪಸ್ಸು ಬಂತು. ತಂದವರು ಬೈಯಲಿಲ್ಲ, ಅದೇ ಅಜ್ಜನಿಗೆ ಹೆಚ್ಚು ಚುಚ್ಚಿತು. "ಛಲೋ ಅದರಿ. ಖರೆ ನಮ್ಮೂರ ಸಾಲಿಗೆ ಕೂಡಂಗಿಲ್ಲ" ಎಂದಷ್ಟೇ ಹೇಳಿ ಕಲ್ಲಿನ ಮೇಲೆ ಇಟ್ಟು ಹೋದರು.

ಹೊಲ ಕಾಣದವರಿಗಾಗಿ ಒಂದು ಮಾತು. ಬೀಜ ಬಿತ್ತುವ ಕೂರಿಗೆಯ ಹಲ್ಲುಗಳ ನಡುವಿನ ಅಂತರವೇ ಹೊಲದಲ್ಲಿ ಸಾಲುಗಳ ನಡುವಿನ ಅಂತರ. ಬೆಳೆ ಗೇಣುದ್ದ ಬಂದಾಗ ಆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಬೇಕು. ಕುಂಟೆಯ ಅಳತೆ ಕೂರಿಗೆಯ ಅಳತೆಗೆ ಕೂಡದಿದ್ದರೆ ಕಳೆಯ ಜೊತೆಗೆ ತೊಗರಿಯೂ ಹೋಗುತ್ತದೆ. ಒಂದು ಊರಿನ ಕುಂಟೆ ಊರೆಲ್ಲ ಎರವಲು ತಿರುಗುವ ವಸ್ತು. ಹೀಗಾಗಿ ಊರಿಗೊಂದು ಅಳತೆ. ಯಾವ ಕಾಲದಲ್ಲೋ ಯಾವ ಹಿರಿಯನ ಗೇಣಿನಿಂದಲೋ ಹುಟ್ಟಿದ್ದು. ಒಬ್ಬನ ಕೈ ಉದ್ದ, ಮತ್ತೊಬ್ಬನದು ಗಿಡ್ಡ. ಅವರು ಸತ್ತು ಎಷ್ಟೋ ಕಾಲವಾದರೂ ಅವರ ಕೈಗಳು ಇನ್ನೂ ಹೊಲದಲ್ಲಿ ಚಾಚಿಕೊಂಡಿವೆ.

ಅಜ್ಜ ಸಣಬಿನ ಹಗ್ಗ ಹಿಡಿದು ಹೊರಟ. ಮಳಖೇಡ, ಐನಾಪುರ, ವಾಡಿ, ಚಿತ್ತಾಪುರದ ಸುತ್ತಿನ ಹೊಲಗಳನ್ನೆಲ್ಲ ನಡೆದೇ ನೋಡಿದ. ಸಾಲಿನಿಂದ ಸಾಲಿಗೆ ಹಗ್ಗ ಹಿಡಿದು ಗಂಟು ಹಾಕಿದ. ಬಂದು ಕಲ್ಲಿನ ಮೇಲೆ ಉಳಿ ಹಿಡಿದು ಕುಳಿತ. ಎಡಗಡೆಯ ಅಂಚಿನಿಂದ ಶುರುವಾಗಿ ಊರಿಗೊಂದು ಗೆರೆ. ಗೆರೆಯ ತುದಿಗೆ ಅಕ್ಷರ ಬಾರದವರಿಗೂ ತಿಳಿಯುವಂತೆ ಒಂದು ಗುರುತು. ಕಾಗಿಣಾ ದಂಡೆಯ ಮಳಖೇಡಕ್ಕೆ ಮೀನು. ವಾಡಿಯ ಕಡೆಗೆ ಎರಡು ರೈಲುಹಳಿ. ಐನಾಪುರಕ್ಕೆ ಮೂರು ಚುಕ್ಕಿ. ಚಿತ್ತಾಪುರಕ್ಕೆ ಬಾಗಿದ ಕುಡುಗೋಲು. ಕೂರಿಗೆ ಕೊಂಡವನು ತನ್ನ ಊರಿನ ಹೆಸರು ಹೇಳಬೇಕು. ಅಜ್ಜ ಕೂರಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಬೋಲ್ಟು ಸಡಿಲಿಸಿ, ಹಲ್ಲುಗಳನ್ನು ಆ ಊರಿನ ಗೆರೆಗೆ ತಂದು ಬಿಗಿಯುತ್ತಿದ್ದ. ಅಷ್ಟಾಗುವವರೆಗೆ ಕೂರಿಗೆ ಅಂಗಡಿ ದಾಟುವಂತಿಲ್ಲ. ಕಲ್ಲಿನ ಮೇಲೆ ಯಾರೂ ಚಪ್ಪಲಿ ಹಾಕಿಕೊಂಡು ಹತ್ತುವಂತೆಯೂ ಇಲ್ಲ. ಭಕ್ತಿಯಿಂದಲ್ಲ, ಚಪ್ಪಲಿಯ ಮಣ್ಣು ಗೆರೆಯಲ್ಲಿ ತುಂಬಿದರೆ ಅಳತೆ ಕಾಣುವುದಿಲ್ಲ ಎಂದು. ಆದರೆ ಊರಿನ ಕೆಲವರು ಅದಕ್ಕೆ ಕೈ ಮುಗಿದು ಹೋಗುವುದನ್ನು ನಾನೇ ನೋಡಿದ್ದೇನೆ. ಅಜ್ಜ ಬೇಡ ಎನ್ನುತ್ತಿರಲಿಲ್ಲ. ಅವನೂ ವ್ಯಾಪಾರಿಯೇ.

ನನಗೂ ಅಕ್ಕನಿಗೂ ಆ ಕಲ್ಲು ಕುಂಟಬಿಲ್ಲೆಯ ಅಂಗಳ. ಒಂಟಿಕಾಲಲ್ಲಿ ಮಳಖೇಡದಿಂದ ಹಾರಿ ಐನಾಪುರದಲ್ಲಿ ಇಳಿಯುತ್ತಿದ್ದೆವು. ನಾನು ಯಾವಾಗಲೂ ಗೆರೆ ತುಳಿಯುತ್ತಿದ್ದೆ, ಗೆರೆ ತುಳಿದೇನು ಎಂಬ ಚಿಂತೆಯಲ್ಲಿಯೇ ತುಳಿಯುತ್ತಿದ್ದೆ. ಅಕ್ಕ ನೇರ ಮುಂದೆ ನೋಡುತ್ತ ಹಾರುತ್ತಿದ್ದಳು. ಗೆರೆಗಳೇ ಅವಳಿಗೆ ದಾರಿ ಬಿಡುತ್ತಿದ್ದವು. ಬೇಸಿಗೆಯಲ್ಲಿ ಕಲ್ಲು ಅವ್ವನ ವಶ. ಮೀನಿನಿಂದ ಕುಡುಗೋಲಿನವರೆಗೆ ಶಾವಿಗೆ, ಹಪ್ಪಳ. ಮೃಗಶಿರಾ, ಅಂದರೆ ನಮ್ಮ ಮಿರಗದ ಮಳೆ ಹತ್ತಿರ ಬಂತೆಂದರೆ ಅಪ್ಪನ ವಶ. ಆ ನಡುವಿನ ಒಂದು ವಾರ ಇಬ್ಬರಿಗೂ ದಿನಾ ಜಗಳ. ಹಪ್ಪಳದ ವಾಸನೆ ಬರುವ ಕೂರಿಗೆ ಮಾರಿದ ಅಂಗಡಿ ಈ ಭಾಗದಲ್ಲಿ ನಮ್ಮದೊಂದೇ ಇರಬೇಕು.

ಅಪ್ಪನ ಕಾಲಕ್ಕೆ ಟ್ರ್ಯಾಕ್ಟರು ಬಂತು. ಎತ್ತಿನ ಕೂರಿಗೆಯ ಪಕ್ಕಕ್ಕೆ ಟ್ರ್ಯಾಕ್ಟರಿಗೆ ಕಟ್ಟುವ ದೊಡ್ಡ ಕೂರಿಗೆ ಬಂತು. ಒಂದು ಕಂಪನಿಯ ಏಜೆನ್ಸಿ ಬಂತು, ಬಾಗಿಲ ಮೇಲೆ ಅದರ ಬೋರ್ಡು ಬಂತು. ಬೋರ್ಡಿನಲ್ಲಿ ಕಂಪನಿಯ ಹೆಸರು ಎಮ್ಮೆಯಷ್ಟು ದೊಡ್ಡದು, ನಮ್ಮ ಹೆಸರು ಉಣ್ಣಿಯಷ್ಟು ಸಣ್ಣದು. ಅಪ್ಪ ದಿನಾ ಬೆಳಿಗ್ಗೆ ಆ ಬೋರ್ಡು ಒರೆಸುತ್ತಿದ್ದ. ಕಲ್ಲನ್ನು ಮಾತ್ರ ತೊಳೆಯುತ್ತಿದ್ದ. ದೊಡ್ಡ ಕೂರಿಗೆಯನ್ನೂ ಅದೇ ಕಲ್ಲಿನ ಮೇಲೆ ನಿಲ್ಲಿಸಿ ಎರಡು ಹಲ್ಲುಗಳನ್ನು ಗೆರೆಗೆ ಹೊಂದಿಸಿ, ಉಳಿದವನ್ನು ಅದೇ ಲೆಕ್ಕದಲ್ಲಿ ಸರಿಸುತ್ತಿದ್ದ.

ಇನ್ನು ನನ್ನ ವಿಷಯ. ಮನೆಯಲ್ಲಿ ಚಿಂತೆ ಮಾಡುವ ಕೆಲಸ ನನಗೆ ಸಣ್ಣಂದಿನಲ್ಲೇ ಒಪ್ಪಿಸಿಬಿಟ್ಟಿದ್ದಾರೆ. ಅಂಗಡಿಯ ಕೀಲಿ ಹಾಕಿ ಹತ್ತು ಹೆಜ್ಜೆ ಹೋಗಿ ವಾಪಸ್ಸು ಬಂದು ಜಗ್ಗಿ ನೋಡುತ್ತೇನೆ. ಮಳೆ ಬರದಿದ್ದರೆ ಬರಲಿಲ್ಲವಲ್ಲ ಎಂದು, ಬಂದರೆ ನಿಲ್ಲುವುದಿಲ್ಲವೇನೋ ಎಂದು. ಇಂಥ ನನ್ನ ಕೈಗೆ ಅಪ್ಪ ಅಂಗಡಿ ಬಿಟ್ಟು ಎರಡು ದಿನ ಚಂದಾಪುರಕ್ಕೆ ಮದುವೆಗೆ ಹೋದ. ನನಗಾಗ ಇಪ್ಪತ್ತೆರಡು. ಅವತ್ತೇ ಮಳೆ ಬಿತ್ತು. ಅವತ್ತೇ ಮಳಖೇಡದ ಹಣಮಂತಪ್ಪ ಬಂದ.

"ಏ ಸಣ್ಣ ಸಾವಕಾರ, ಜಲ್ದಿ ಒಂದು ಕೂರಿಗಿ ಕಟ್ಟು. ಹಸಿ ಆರೋದ್ರೊಳಗ ಬಿತ್ತಬೇಕು."

ಕೂರಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ಮೀನಿನ ಗೆರೆಗೆ ಹಲ್ಲು ತಂದೆ. ಮೂರು ಸಲ ನೋಡಿದೆ, ಸರಿಯಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಬೋಲ್ಟು ಬಿಗಿಯುವಾಗ ಹಲ್ಲು ಒಳಗೆ ಸರಿದರೆ? ದಾರಿಯಲ್ಲಿ ಚಕ್ಕಡಿ ಕುಲುಕಿ ಇಕ್ಕಟ್ಟಾದರೆ? ಸಾಲು ಇಕ್ಕಟ್ಟಾಗಿ ತೊಗರಿ ಉಸಿರುಗಟ್ಟಿದರೆ? ಎಂದು ಚಿಂತಿಸಿ, ಇರಲಿ ಎಂದು ಎರಡು ಬೆರಳು ಹೆಚ್ಚಿಗೆ ಬಿಟ್ಟೆ. ಪ್ರತಿ ಹಲ್ಲಿಗೂ ಎರಡು ಬೆರಳು.

ತಿಂಗಳೊಪ್ಪತ್ತಿಗೆ ಹಣಮಂತಪ್ಪ ಬಂದ. ಚಪ್ಪಲಿ ಕೆಳಗೆ ಬಿಟ್ಟು, ಕಲ್ಲಿನ ಮೇಲೆ ಕುಳಿತು, ಅಪ್ಪನಿಗೆ ಹೇಳಿದ: "ಸಾವಕಾರ್ರ, ಕುಂಟಿ ಹೊಡದೆ. ಮೊದಲನೇ ಸಾಲು ಉಳೀತು. ಎರಡನೇದು ಕೆರೀತು. ಮೂರನೇದು ಹೋಯ್ತು. ನಿಮ್ಮ ಮಗ ನನ್ನ ಹೊಲಾನ ಊರು ಬಿಡಿಸ್ಯಾನ."

ಅಪ್ಪ ನನ್ನ ಕಡೆಗೆ ನೋಡಿದ. ನಾನು ಎರಡು ಬೆರಳ ಕಥೆ ಹೇಳಿದೆ. ಅಪ್ಪ ಬೈಯಲಿಲ್ಲ. ನನ್ನ ಕೈ ಹಿಡಿದು, ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಎಲ್ಲಿಂದ ಬಂದವು ಇವು ಎಂಬ ಹಾಗೆ. ಆಮೇಲೆ ವೆಲ್ಡಿಂಗಿನ ಮೌಲಾಲಿಯನ್ನು ಕರೆದುಕೊಂಡು ಮಳಖೇಡಕ್ಕೆ ಹೋಗಿ, ಅಲ್ಲೇ ಹೊಲದ ಬದುವಿನಲ್ಲಿ ಕುಳಿತು, ಆ ತಪ್ಪು ಸಾಲಿಗೆ ಸರಿಹೊಂದುವ ಹೊಸ ಎಡೆಕುಂಟೆಯನ್ನೇ ಮಾಡಿಸಿಕೊಟ್ಟ. ಉಳಿದ ಸಾಲುಗಳು ಉಳಿದವು.

ಮುಂದಿನ ವರ್ಷ ಅಪ್ಪ ತಾನಾಗಿಯೇ ಕರೆದ. "ತಗೊಂಡು ಬಾ ಹಣಮಂತಪ್ಪ, ಕೂರಿಗಿ ಮೀನಿನ ಗೆರಿಗೆ ಹಚ್ಚಿ ಕೊಡ್ತೀನಿ."

"ಬ್ಯಾಡ್ರಿ" ಎಂದ ಹಣಮಂತಪ್ಪ.

"ಯಾಕೋ?"

"ನಮ್ಮೂರಾಗ ಕುಂಟಿ ಅಂದ್ರ ಧರ್ಮಶಾಲಿ ಇದ್ದಂಗ. ನನ್ನ ಕುಂಟಿ ನನಗ ಸಿಗಬೇಕಂದ್ರ ನಾಲ್ಕು ಮನಿ ತಿರುಗಬೇಕಿತ್ತು. ಹ್ವಾದ ವರ್ಷ ಒಬ್ಬಾಂವರೆ ಬಂದು ಕೇಳಲಿಲ್ಲ ನೋಡ್ರಿ! ಯಾರ ಸಾಲಿಗೂ ಕೂಡಂಗಿಲ್ಲ. ಇಪ್ಪತ್ತು ವರ್ಷದಾಗ ಮೊದಲನೇ ಸಲ ನನ್ನ ಕುಂಟಿ ನನ್ನ ಮನ್ಯಾಗ ಮಲಗ್ಯಾದ."

ಅಂದಿನಿಂದ ಅದಕ್ಕೆ ಅಂಜುಬುರುಕನ ಸಾಲು ಎಂದು ಹೆಸರು. ಹಣಮಂತಪ್ಪ ಹೊಸ ಕೂರಿಗೆ ಕೊಂಡಾಗಲೆಲ್ಲ ಅದೇ ಅಳತೆ ಕೇಳುತ್ತಿದ್ದ. ಕಲ್ಲಿನ ಮೇಲೆ ಅದಕ್ಕೊಂದು ಗೆರೆ ಹೊಡೆಯೋಣವೆಂದು ನಾನು ಒಮ್ಮೆ ಅಂದೆ. ಅಪ್ಪ ಒಪ್ಪಲಿಲ್ಲ. "ಕಲ್ಲು ಊರಿನ ಅಳತಿಗೆ. ಒಬ್ಬನ ಅಂಜಿಕಿಗಲ್ಲ" ಎಂದ. ಹೀಗೆ ನನ್ನ ಸಾಲು ಒಂದು ಬಿದಿರು ಕೋಲಿನ ಮೇಲೆ ಗುರುತಾಗಿ ಬಾಗಿಲ ಹಿಂದೆ ನಿಂತಿತು, ತಪ್ಪು ಮಾಡಿದ ಹುಡುಗನನ್ನು ಶಾಲೆಯಲ್ಲಿ ನಿಲ್ಲಿಸಿದ ಹಾಗೆ.

ಅಪ್ಪ ಹೋದಮೇಲೆ ಅಂಗಡಿ ನನಗೂ ಅಕ್ಕನಿಗೂ ಬಂತು. ಅಕ್ಕನ ಗಂಡನ ಮನೆ ಶಹಾಬಾದ್. ದಿನಾ ಬೆಳಿಗ್ಗೆ ಹೊರಟು, ವಾಡಿಯಲ್ಲಿ ಗಾಡಿ ಬದಲಿಸಿ, ಸೇಡಂಗೆ ಬರುತ್ತಾಳೆ. ಬಿಡಿಭಾಗಗಳ ಕೌಂಟರ್ ಅವಳದು. ಯಾವ ನಟ್ಟು ಯಾವ ಡಬ್ಬಿಯಲ್ಲಿದೆ ಎಂದು ಅವಳು ಕಣ್ಣು ಮುಚ್ಚಿ ಹೇಳುತ್ತಾಳೆ. ಗಿರಾಕಿಗೆ ಏನು ಬೇಕೆಂಬುದನ್ನು ಅವನು ಬಾಯಿ ತೆರೆಯುವ ಮೊದಲೇ ಹೇಳುತ್ತಾಳೆ. ಚಿಂತೆ ಎಂಬ ಬಿಡಿಭಾಗ ಮಾತ್ರ ಅವಳ ಹತ್ತಿರ ಸ್ಟಾಕ್ ಇಲ್ಲ. ಅಷ್ಟನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಹೋದ ವರ್ಷ ಬೇಸಿಗೆಯಲ್ಲಿ ಕಂಪನಿಯಿಂದ ಒಬ್ಬ ಆಫೀಸರ್ ಬಂದ. ಚಿಕ್ಕ ವಯಸ್ಸು, ದಕ್ಷಿಣದ ಕಡೆಯವನು, ನಮ್ಮ ಬಿಸಿಲಿಗೆ ಮುಖ ಕೆಂಪಾಗಿತ್ತು. ಕೈಯಲ್ಲೊಂದು ಸಣ್ಣ ಯಂತ್ರ. ಗುಂಡಿ ಒತ್ತಿದರೆ ಗೋಡೆಗೆ ಕೆಂಪು ಚುಕ್ಕಿ ಬಿದ್ದು ಅಳತೆ ತಾನೇ ಬರುತ್ತಿತ್ತು. ನನ್ನ ಕೈ ಅದನ್ನು ಕಂಡು ಅಂಗಿಯ ಜೇಬಿನೊಳಗೆ ಹೋಯಿತು.

"ಸರ್, ಎಲ್ಲ ಶೋರೂಂಗಳೂ ಒಂದೇ ಥರ ಇರಬೇಕು. ಮುಂದೆ ಗಾಜು, ಕೆಳಗೆ ಬಿಳಿ ಟೈಲ್ಸ್. ಈ ಕಲ್ಲು ತೆಗೀಬೇಕು. ಇನ್ನು ಮೇಲೆ ಕೂರಿಗೆ ಫ್ಯಾಕ್ಟರಿಯಲ್ಲೇ ಸೆಟ್ ಆಗಿ ಬರುತ್ತೆ. ಬೋಲ್ಟಿಗೆ ಕೆಂಪು ಸೀಲ್ ಇರುತ್ತೆ. ಅದನ್ನ ಮುಟ್ಟೋ ಹಾಗಿಲ್ಲ. ಮಳೆಗೆ ಮುಂಚೆ ಆಗಬೇಕು, ಇಲ್ಲಾಂದ್ರೆ ಏಜೆನ್ಸಿ ಬೇರೆಯವರಿಗೆ ಹೋಗುತ್ತೆ."

"ಆಯ್ತು ಸರ್" ಎಂದೆ. ನಾಲ್ಕು ಸಲ ಎಂದೆ ಎಂದು ಅಕ್ಕ ಹೇಳುತ್ತಾಳೆ. ನನ್ನ ಎಣಿಕೆಯಲ್ಲಿ ಮೂರು.

ಅವನು ಹೋದಮೇಲೆ ಅಕ್ಕ ಕೌಂಟರಿನಿಂದ ಎದ್ದು ಬಂದಳು. "ಕಲ್ಲು ತೆಗೆದು ಎಲ್ಲಿಡ್ತಿ? ನಿನ್ನ ಎದಿ ಮ್ಯಾಲ?"

"ಏಜೆನ್ಸಿ ಹೋದ್ರ ಹ್ಯಾಂಗಕ್ಕಾ? ಬೋರ್ಡು ಇಲ್ಲಾಂದ್ರ ಯಾರು ಬರ್ತಾರ? ಅಪ್ಪ ತಂದಿದ್ದ ಬೋರ್ಡು ಅದು."

"ಅಪ್ಪ ಬೋರ್ಡು ತಂದ. ಅಜ್ಜ ಕಲ್ಲು ತಂದ. ನೀ ಏನು ತಂದಿ?"

ನಾನು ಟೈಲ್ಸ್ ತಂದೆ. ನಿಜಕ್ಕೂ ತಂದೆ. ಪೆಟ್ಟಿಗೆಗಳು ಅಂಗಡಿಯೊಳಗೆ ಬಂದು ಕುಳಿತವು. ಅವುಗಳನ್ನು ದಾಟಿ ಹೋಗುವಾಗಲೆಲ್ಲ ಅಕ್ಕ ಲಂಗದ ನೆರಿಗೆ ಎತ್ತಿ ಹಿಡಿದು, ಹೊಲಸು ದಾಟುವ ಹಾಗೆ ದಾಟುತ್ತಿದ್ದಳು. ಅವಳು ಸೀರೆ ಉಡುವವಳು. ನನಗೆ ಮಾತ್ರ ಆಗ ಕುಂಟಬಿಲ್ಲೆ ಆಡುತ್ತಿದ್ದ ಲಂಗದ ಹುಡುಗಿಯೇ ಕಂಡಳು.

ಮಿರಗಕ್ಕೆ ನಾಲ್ಕು ದಿನ ಇರುವಾಗ ವಾಡಿಯಿಂದ ಟೈಲ್ಸಿನ ಮೇಸ್ತ್ರಿ ಬಂದ. ಕಲ್ಲಿನ ನಾಲ್ಕೂ ಮೂಲೆಗೆ ಹಾರೆ ಹಾಕಿ ನೋಡಿದ. ಅದು ಅಲುಗಲಿಲ್ಲ.

"ಇದು ಏಳಂಗಿಲ್ರಿ ಸಾವಕಾರ್ರ. ಒಡೀಬೇಕು."

"ಮೊದಲ ನನ್ನ ತಲಿ ಒಡಿ" ಎಂದು ಅಕ್ಕ ಕಲ್ಲಿನ ಮೇಲೆ ಬಂದು ಕುಳಿತಳು. ಚಪ್ಪಲಿ ಬಿಟ್ಟೇ ಕುಳಿತಳು, ಆ ಸಿಟ್ಟಿನಲ್ಲೂ.

"ಅಕ್ಕಾ, ಏಳು. ಆಫೀಸರ್ ಬರೋ ವ್ಯಾಳ್ಯಾ ಆಗ್ಯಾದ."

"ಬರ್ಲಿ. ಅವನಿಗೂ ಚಪ್ಲಿ ಬಿಡ್ಲಿಕ್ಕೆ ಹೇಳು."

ಆಫೀಸರ್ ಬಂದ. ಅವನ ಹಿಂದೆಯೇ ಒಂದು ಗೂಡ್ಸ್ ಆಟೋ ಬಂತು. ಅದರಲ್ಲಿ ಕಂಪನಿಯ ಹೊಸ ಕೂರಿಗೆ, ಪಕ್ಕದಲ್ಲಿ ಹಣಮಂತಪ್ಪ. ಈಗ ಅವನ ಮೀಸೆ ಪೂರ್ತಿ ಬೆಳ್ಳಗಾಗಿದೆ, ಕೈಯಲ್ಲಿ ಕೋಲು ಬಂದಿದೆ. ಹೊಸ ಪದ್ಧತಿಯಂತೆ ಕೂರಿಗೆ ನಮ್ಮ ಅಂಗಡಿಗೆ ಬಾರದೆ ಕಂಪನಿಯ ಗೋದಾಮಿನಿಂದ ನೇರವಾಗಿ ಅವನ ಮನೆಗೆ ಹೋಗಿತ್ತು.

"ಏ ಸಣ್ಣ ಸಾವಕಾರ, ನನ್ನ ಸಾಲು ಎಲ್ಲಿ ಹೋಯ್ತೋ? ಇವರು ಯಾರದೋ ಸಾಲು ಹಾಕಿ ಕಳಿಸ್ಯಾರ."

ಆಫೀಸರ್ ವಿನಯದಿಂದಲೇ ಹೇಳಿದ. "ಅಜ್ಜಾ, ಇದು ಲೆಕ್ಕ ಹಾಕಿ ಮಾಡಿದ ಅಂತರ. ಎಲ್ಲ ಕಡೆ ಇದೇ ಇರೋದು."

"ಎಲ್ಲಾ ಕಡಿ ಅಂದ್ರ ಎಲ್ಲಿ? ಅಲ್ಲಿ ನನ್ನ ಹೊಲ ಅದೇನು?"

"ಹಾಗಲ್ಲ ಅಜ್ಜಾ. ಈ ಸೀಲ್ ಒಡೆದರೆ ಗ್ಯಾರಂಟಿ ಹೋಗಿಬಿಡುತ್ತೆ."

"ಹೋಗ್ಲಿ ಬಿಡು. ಗ್ಯಾರಂಟಿ ಬಿತ್ತಿದ್ರ ತೊಗರಿ ಬೆಳೀತಾವೇನು?"

ಮೇಸ್ತ್ರಿ ನಕ್ಕ. ಆಫೀಸರ್ ನಗಲಿಲ್ಲ, ಅವನು ಹಣೆಯ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. "ಸರ್, ನಾನು ಫೋಟೋ ಕಳಿಸಬೇಕು ಇವತ್ತು. ಮೇಲಿನವರು ನನ್ನ ಕೇಳ್ತಾರೆ. ಪ್ಲೀಸ್, ನೀವೇ ಅವರಿಗೆ ಹೇಳಿ." ಅವನ ಕಣ್ಣು ನೋಡಿದೆ. ಅವನೂ ನಮ್ಮ ಪಂಗಡದವನೇ. ಮನೆಯ ಕೀಲಿಯನ್ನು ಎರಡು ಸಲ ಜಗ್ಗಿ ನೋಡುವವನೇ. ಪಾಪ ಅನ್ನಿಸಿತು. ಬಹುಶಃ ಆ ಪಾಪ ಅನ್ನಿಸಿದ್ದರಿಂದಲೇ ನನ್ನ ಅಂಜಿಕೆಗೆ ಒಂದು ಕ್ಷಣ ಕೆಲಸ ತಪ್ಪಿತು.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ತಲೆಯಲ್ಲಿ ಬೋರ್ಡು ಬಿದ್ದಿತು, ಅಂಗಡಿ ಮುಚ್ಚಿತು, ನಾನು ಮತ್ತೆ ಗುಳ, ಸಲಿಕೆ ಹರವಿಕೊಂಡು ರಸ್ತೆಯ ಬದಿಗೆ ಕುಳಿತೆ. ಕುಳಿತದ್ದು ಎಲ್ಲಿ ಎಂದು ನೋಡಿಕೊಂಡರೆ, ಕಲ್ಲಿನ ಮೇಲೆ. ಅಜ್ಜನೂ ಅಲ್ಲೇ ಕುಳಿತಿದ್ದನಲ್ಲ ಅನ್ನಿಸಿತು. ಕೆಟ್ಟದ್ದು ಆಗಿ ಆಗಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಜೀವನದಲ್ಲಿ ಮೊದಲ ಸಲ ಕೊನೆಯವರೆಗೂ ನೋಡಿದ್ದೆ. ನಿಲ್ಲುವ ಜಾಗ ಅಷ್ಟೇನೂ ಕೆಟ್ಟದ್ದಾಗಿರಲಿಲ್ಲ.

"ಅಕ್ಕಾ, ಏಳು" ಎಂದೆ.

"ಏಳಂಗಿಲ್ಲ."

"ಏಳು ಅಂದ್ರ. ಕೂರಿಗಿ ಇಡಬೇಕು."

ಅಕ್ಕ ನನ್ನ ಮುಖ ನೋಡಿ ಎದ್ದಳು. ಕೂರಿಗೆಯನ್ನು ಕಲ್ಲಿನ ಮೇಲೆ ಇಳಿಸಿದೆವು. ಬಾಗಿಲ ಹಿಂದಿನ ಬಿದಿರು ಕೋಲು ತಂದೆ. ಬೋಲ್ಟು ಬಿಚ್ಚುವ ಪಾನಾ ಹಿಡಿದೆ. ಕೆಂಪು ಸೀಲು ಟಕ್ಕೆಂದು ಒಡೆದು ಕಲ್ಲಿನ ಮೇಲೆ ಉದುರಿತು. ಬೋಲ್ಟು ತಿರುಗಿತು. ಹಿಡಿದ ಕೈ ಧೈರ್ಯಸ್ಥನದೋ ಅಂಜುಬುರುಕನದೋ ಎಂದು ಬೋಲ್ಟು ಕೇಳುವುದಿಲ್ಲ ಎಂಬುದು ನನಗೆ ಆವತ್ತು ತಿಳಿಯಿತು.

"ಸರ್, ನಿಮ್ಮ ಏಜೆನ್ಸಿ..." ಎಂದ ಆಫೀಸರ್.

"ಗೊತ್ತದರಿ. ಫೋಟೋ ತಗೊಳ್ರಿ. ಕಲ್ಲು ಪೂರಾ ಬರೋ ಹಂಗ ತಗೊಳ್ರಿ" ಎಂದೆ. ಇಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನಾನೇ ಗಾಬರಿಯಾಗಿ ಅದೇ ಬೋಲ್ಟನ್ನು ಇನ್ನೆರಡು ಸಲ ಬಿಗಿದೆ.

ಏಜೆನ್ಸಿ ಹೋಯಿತು. ಕಥೆಯಾಗಿದ್ದರೆ ಕಂಪನಿಯವರು ಮನಸ್ಸು ಬದಲಿಸಬೇಕಿತ್ತು, ಬದಲಿಸಲಿಲ್ಲ. ಹದಿನೈದು ದಿನಕ್ಕೆ ಪತ್ರ ಬಂತು, ಆಮೇಲೆ ಬೋರ್ಡು ಬಿಚ್ಚುವವರು ಬಂದರು. ಅವರ ಏಣಿಯನ್ನು ನಾನೇ ಹಿಡಿದುಕೊಂಡೆ, ಬಿದ್ದುಗಿದ್ದಾರು ಎಂಬ ಚಿಂತೆ. ಟೈಲ್ಸು ಅಕ್ಕನ ಮನೆಯ ಬಚ್ಚಲಿಗೆ ಹೋದವು. ನಾಡಿಗೆಲ್ಲ ಕಲ್ಲು ಹಾಸಿಕೊಟ್ಟ ಶಹಾಬಾದಿನಲ್ಲಿ ಬಿಳಿ ಟೈಲ್ಸಿನ ಬಚ್ಚಲು. ಅಕ್ಕನ ಮಾವನವರು ಇಂದಿಗೂ ಗೋಡೆ ಹಿಡಿದುಕೊಂಡು, ನನ್ನನ್ನು ಬೈದುಕೊಂಡು ಸ್ನಾನಕ್ಕೆ ಹೋಗುತ್ತಾರೆ.

ಬೋರ್ಡಿಲ್ಲದ ಬಾಗಿಲಿನ ಕೆಳಗೆ ನಾನು ವರ್ಷವಿಡೀ ಚಿಂತಿಸುತ್ತ ಕುಳಿತೆ. ಗುಳ ಮಾರಿದೆವು, ಬಿಡಿಭಾಗ ಮಾರಿದೆವು, ಮೌಲಾಲಿ ಮಾಡಿದ ಕುಂಟೆಗಳನ್ನು ಮಾರಿದೆವು. ಈ ಸಲ ಮಿರಗಕ್ಕೆ ಮೊದಲು ಐನಾಪುರದಿಂದ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹಿಂದೆ ಎರಡು ಹೊಸ ಕೂರಿಗೆ, ಬೋಲ್ಟಿನ ಮೇಲೆ ಕೆಂಪು ಸೀಲು.

"ಎಲ್ಲಿ ತಗೊಂಡ್ರಿ?" ಎಂದೆ.

"ಹೊಸ ಅಂಗಡ್ಯಾಗರಿ. ಗಾಜಿಂದದಲ್ಲ, ಅದರಾಗ."

"ಮತ್ತ ಇಲ್ಲಿಗ್ಯಾಕ ತಂದ್ರಿ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಲ್ಲಿ ಕಲ್ಲಿಲ್ಲಲ್ರಿ."

ಕೌಂಟರಿನಲ್ಲಿ ಅಕ್ಕ ನಟ್ಟುಗಳನ್ನು ಎಣಿಸುವುದನ್ನು ನಿಲ್ಲಿಸಿದಳು. ನಾನು ಪಾನಾ ತೆಗೆದುಕೊಂಡು ಮೂರು ಚುಕ್ಕಿಯ ಗೆರೆಯ ಪಕ್ಕ ಕುಳಿತೆ.

ಅವರು ಹೋದಮೇಲೆ ಅಜ್ಜನ ಉಳಿ ಹುಡುಕಿದೆ. ಹಣಮಂತಪ್ಪನ ಮೂವರು ಮಕ್ಕಳು, ಅಳಿಯ, ಮಕ್ಕಳ ಬೀಗರು ಎಲ್ಲರೂ ಈಗ ಅಂಜುಬುರುಕನ ಸಾಲಿನಲ್ಲೇ ಬಿತ್ತುತ್ತಾರೆ. ಪಾಪ, ಅವನ ಕುಂಟೆ ಮತ್ತೆ ಮನೆಮನೆ ತಿರುಗುತ್ತಿದೆಯಂತೆ. ಎರವಲು ತಿರುಗತೊಡಗಿದಮೇಲೆ ಅದು ಊರಿನ ಅಳತೆಯೇ ಆಯಿತಲ್ಲ? ಅಪ್ಪ ಇದ್ದಿದ್ದರೆ ಹೀಗೆ ವಾದಿಸಿ ಗೆಲ್ಲುತ್ತಿದ್ದೆ. ಅಥವಾ ಸೋಲುತ್ತಿದ್ದೆ; ಸೋತರೂ ಹೊಡೆಯುತ್ತಿದ್ದೆ. ಗೆರೆ ಹೊಡೆಯುವಾಗ ಅಕ್ಕ ತಲೆಯ ಮೇಲೆಯೇ ನಿಂತಿದ್ದಳು.

"ನೆಟ್ಟಗ ಹೊಡಿ."

"ಹೊಡೀಲಿಕತ್ತೀನಿ."

"ಸೊಟ್ಟ ಬರ್ಲಿಕತ್ತದ."

"ಬರ್ಲಿ. ಸೊಟ್ಟ ಇರೋದೇ ಅದು."

ಗೆರೆಯ ತುದಿಗೆ ಗುರುತಾಗಿ ಎರಡು ಬೆರಳು ಕೆತ್ತಿದೆ. ಬದನೆಕಾಯಿಯ ಹಾಗೆ ಕಾಣುತ್ತವೆ ಎಂದು ಮೌಲಾಲಿಯ ಅಭಿಪ್ರಾಯ.

ಇದಾದ ವಾರಕ್ಕೇ ಚಿತ್ತಾಪುರದ ಆ ಸೋಫಾ, ಆ ಟೀಪಾಯಿ, ಆ ಪ್ರಶ್ನೆ. ಯಾವ ಕಂಪನಿ ಏಜೆನ್ಸಿ? ಗಾಡಿಯಲ್ಲಿ ಬರುವಾಗ ಮೂರು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದೆ. ಹುಡುಗನ ಭವಿಷ್ಯದ ಪ್ರಶ್ನೆ. ಸೋದರಮಾವನ ಅಂಗಡಿಗೆ ಬೋರ್ಡಿಲ್ಲ ಎಂದು ತಿಳಿದರೆ ಸಂಬಂಧ ಮುರಿಯಬಹುದು. ಅಕ್ಕ ಎರಡನೆಯ ಚಿವುಟಿಗೆ ಬೆರಳು ತಯಾರು ಮಾಡಿಕೊಂಡಿದ್ದಳು. ನಾನು ತೊಡೆಯ ಕೆಳಗಿನಿಂದ ಕೈ ಹೊರಗೆ ತೆಗೆದೆ.

"ಯಾವ ಕಂಪನೀದೂ ಇಲ್ರಿ. ಇತ್ತು, ಹೋಯ್ತು. ಕಲ್ಲು ತೆಗೀರಿ ಅಂದ್ರು, ತೆಗೀಲಿಲ್ಲ. ಈಗ ನಮ್ದು ಬರೇ ಕಲ್ಲು."

ಒಳಗೆ ಬಳೆಯ ಸದ್ದಾಯಿತು. ಹುಡುಗಿಯೂ ಬಾಗಿಲ ಹಿಂದಿನಿಂದ ಕೇಳುತ್ತಿದ್ದಳೆಂದು ಕಾಣುತ್ತದೆ.

"ಗೆರಿ ಇರೋ ಕಲ್ಲೇನ್ರಿ?" ಎಂದರು ಗುರುಗಳು.

"ಹೌದ್ರಿ."

"ನಮ್ಮಪ್ಪ ಹೇಳ್ತಿದ್ದ. ಅದರಾಗ ಚಿತ್ತಾಪುರದ್ದು ಅದೇನು ಇನ್ನೂ?"

"ಅದರಿ. ಕುಡಗೋಲಿನ ಗುರುತು."

ಗುರುಗಳು ಮುಂದೆ ಬಾಗಿದರು. ಖಾಲಿ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಟೀಪಾಯಿಯ ಅಂಚಿಗೆ ಹೆಬ್ಬೆರಳು ಊರಿ, ಸೀಮೆಸುಣ್ಣ ಹಿಡಿದು ಬೆಳ್ಳಗಾದ ಕೈಯನ್ನು ನಿಧಾನವಾಗಿ ಚಾಚಿದರು. ಒಂದು. ಎರಡು. ಮೂರು.

"ಮೂರು ಗೇಣು ಬರೋಬ್ಬರಿ ಅದರಿ. ನಾಲ್ಕು ಬೆರಳು ಕಮ್ಮಿ ಅಂದ್ರಲ್ಲ?"

ಅಕ್ಕ ಬಲವಾಗಿ ಚಿವುಟಿದಳು. ಹೆಣ್ಣಿನ ತಂದೆ, ಮೇಲಾಗಿ ಗುರುಗಳು, ಅವರದೇ ಮನೆ, ಅವರದೇ ಟೀಪಾಯಿ. ಹೌದೆಂದು ಬಿಟ್ಟರೆ ಆಯಿತು.

"ಇಲ್ರಿ" ಎಂದೆ. "ನಾಲ್ಕು ಬೆರಳು ಕಮ್ಮೀನೇ ಅದ. ಇನ್ನೊಮ್ಮೆ ಹಿಡೀರಿ."